ಕಟ್ಟಿಸಿದ ಹಲ್ಲಿನ ಜತನ

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬುದು ನಮ್ಮ ಹಿರಿಯರ ಗಾದೆ. ಇಂದಿನ ದಂತವೈದ್ಯವು ಆ ಗಾದೆಯ ಉತ್ತರಾರ್ಧವನ್ನು ಬಹುಮಟ್ಟಿಗೆ ಸುಳ್ಳು ಮಾಡಿದೆ. ಬಿದ್ದುಹೋದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕಟ್ಟಿಸಿಕೊಂಡು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿಯೂ ರೊಟ್ಟಿ ಅಗಿದು ತಿನ್ನುವವರು ಈಗ ಊರೂರುಗಳಲ್ಲಿಯೂ ಇದ್ದಾರೆ. ಆದರೆ ಹೀಗೆ ಕಟ್ಟಿಸಿಕೊಂಡ ಹಲ್ಲು ಒಬ್ಬರ ಬಾಯಲ್ಲಿ ಇಪ್ಪತ್ತು ವರ್ಷ ಬಾಳಿದರೆ ಮತ್ತೊಬ್ಬರ ಬಾಯಲ್ಲಿ ಐದಾರು ವರ್ಷಗಳಲ್ಲಿಯೇ ಕಳಚಿ ಬೀಳುತ್ತದೆ. ಈ ವ್ಯತ್ಯಾಸಕ್ಕೆ ವೈದ್ಯರ ಕೈಗುಣವೊಂದೇ ಕಾರಣವೆಂದು ಜನರು ತಿಳಿಯುವುದುಂಟು. ವೈದ್ಯರ ಪರಿಣತಿ ಮುಖ್ಯವೇ ಸರಿ. ಆದರೆ ಕಟ್ಟಿಸಿಕೊಂಡವರ ನಿತ್ಯದ ಜತನವೂ ಅಷ್ಟೇ ಮುಖ್ಯವೆಂಬುದನ್ನು ನಾನು ನಷ್ಟಪಟ್ಟು ಕಲಿತೆನು. ಅಂತಹ ನಷ್ಟವು ನಮ್ಮ ವಾಚಕ ಬಂಧುಗಳ ಮನೆಗಳಲ್ಲಿ ಯಾರಿಗೂ ಒದಗದಿರಲೆಂಬ ಆಶಯದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವನು. ಇಲ್ಲಿ ಹೇಳುವುದೆಲ್ಲವೂ ವೈದ್ಯರಿಂದ ಕೇಳಿ ತಿಳಿದುದು ಮತ್ತು ಸ್ವತಃ ಅನುಭವಿಸಿದುದು.

ನನ್ನ ಅಲಕ್ಷ್ಯದ ಕಥೆ

ನನಗೆ 46 ವರ್ಷವಾಗಿದ್ದಾಗ ಮಳೆಗಾಲದ ಒಂದು ಬೆಳಗ್ಗೆ ಮಠದ ಕಲ್ಲುಮೆಟ್ಟಿಲ ಮೇಲೆ ಜಾರಿಬಿದ್ದೆನು. ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳ ಪೈಕಿ ಒಂದು ಬುಡಸಹಿತ ಮುರಿಯಿತು. ಇನ್ನೊಂದು ಉಳಿಯಿತಾದರೂ ಪೆಟ್ಟಿಗೆ ಅದರ ಒಳಗಿನ ನರ ಸತ್ತುಹೋಯಿತು. ವೈದ್ಯರು ಆ ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆ ಮಾಡಿ, ಅದನ್ನೂ ಮುರಿದ ಹಲ್ಲಿನ ಆಚೆಯ ಬದಿಯ ಹಲ್ಲನ್ನೂ ಆಧಾರವಾಗಿಟ್ಟುಕೊಂಡು ಮೂರು ಹಲ್ಲುಗಳ ಒಂದು ಸೇತುವೆಯನ್ನು ಕಟ್ಟಿದರು. ಕನ್ನಡಿಯಲ್ಲಿ ನೋಡಿಕೊಂಡಾಗ ಯಾವುದು ದೇವರು ಕೊಟ್ಟದ್ದು, ಯಾವುದು ವೈದ್ಯರು ಕೊಟ್ಟದ್ದು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೆಳಗಿನಿಂದ ದಾರ ತೂರಿಸಿ ಶುಚಿ ಮಾಡಬೇಕೆಂದು ವೈದ್ಯರು ಹೇಳಿ, ಮಾಡಿಯೂ ತೋರಿಸಿದ್ದರು. ನಾಲ್ಕು ದಿನ ಮಾಡಿದೆನು, ಐದನೆಯ ದಿನ ಬಿಟ್ಟೆನು. ಕೃತಕ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲವೆಂಬುದು ನನ್ನ ತರ್ಕವಾಗಿತ್ತು. ಆ ತರ್ಕದಲ್ಲಿ ಒಂದು ದೊಡ್ಡ ದೋಷವಿತ್ತೆಂಬುದು ಹನ್ನೊಂದು ವರ್ಷಗಳ ಮೇಲೆ ಗೊತ್ತಾಯಿತು.

ಆ ವರ್ಷ ಶ್ರಾವಣ ಮಾಸದ ಪ್ರವಚನ ನಡೆದಿತ್ತು. ಸೇತುವೆ ಒಂದು ಬದಿಯಲ್ಲಿ ತುಸು ಅಲುಗಿದಂತೆ ನಾಲಗೆಗೆ ಮೊದಲೇ ತಿಳಿದಿತ್ತು. ಬಾಯಲ್ಲಿ ಆಗಾಗ ಒಂದು ಬಗೆಯ ಕೆಟ್ಟ ರುಚಿಯೂ ಬರುತ್ತಿತ್ತು. ನೋವೇನೂ ಇರಲಿಲ್ಲವಾದುದರಿಂದ 'ಶ್ರಾವಣ ಮುಗಿಯಲಿ' ಎಂದು ಮುಂದೂಡಿದೆನು. ಒಂದು ಮಧ್ಯಾಹ್ನ ಪ್ರಸಾದಕ್ಕೆ ಕುಳಿತಾಗ ಆ ಸೇತುವೆ ಕಳಚಿ ಎಲೆಯ ಮೇಲೆ ಬಿತ್ತು. ಕಬ್ಬು ಸೀಳುವಾಗ ಬೀಳಲಿಲ್ಲ, ಅಡಿಕೆ ಕಡಿಯುವಾಗ ಬೀಳಲಿಲ್ಲ. ಮೆತ್ತನೆಯ ಹೋಳಿಗೆ ಕಚ್ಚಿದಾಗ ಬಿತ್ತು. ಅಂದು ಸಾಯಂಕಾಲ ವೇದಿಕೆಗೆ ಹೋದೆನು. ತ, ಥ, ದ, ಧ, ನ ಎಂಬ ಅಕ್ಷರಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದುದರ ಅರ್ಥ ಅಂದು ನನಗೆ ಪೂರ್ಣವಾಗಿ ಆಯಿತು. ಮೂವತ್ತು ವರ್ಷ ಮಕ್ಕಳಿಗೆ ಶುದ್ಧ ಉಚ್ಚಾರಣೆ ಕಲಿಸಿದವನ ಬಾಯಿಂದ ಗಾಳಿ ಮಾತ್ರ ಹೊರಬಂದಿತು. ಉಳಿದ ದಿನಗಳ ಪ್ರವಚನವನ್ನು ಬೇರೊಬ್ಬರು ಮುಗಿಸಿದರು.

ಮರುದಿನ ದಂತವೈದ್ಯೆಯ ಬಳಿಗೆ ಹೋದಾಗ ಆಕೆ ಕನ್ನಡಿ ಹಿಡಿದು ತೋರಿಸಿದರು. ನರ ತೆಗೆದಿದ್ದ ಆಧಾರದ ಹಲ್ಲು ಟೊಪ್ಪಿಗೆಯೊಳಗೇ ಕರಗಿ, ವಸಡಿನ ಮಟ್ಟದಲ್ಲಿ ಕಪ್ಪಗೆ ಮೆತ್ತಗಾದ ಒಂದು ಮೋಟು ಮಾತ್ರ ಉಳಿದಿತ್ತು. "ಇಷ್ಟೆಲ್ಲ ಆದರೂ ನೋವು ಬರಲೇ ಇಲ್ಲವಲ್ಲ ತಾಯಿ" ಎಂದೆನು. "ಗುರುಗಳೇ, ನೋವು ಹೇಳುವ ನರವನ್ನು ಹಿಂದೆಯೇ ತೆಗೆದಿದ್ದಾರೆ. ಇನ್ನು ಆ ಹಲ್ಲು ನಿಮಗೆ ಹೆಂಗ ಹೇಳಬೇಕ್ರಿ?" ಎಂದು ಆಕೆ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮೋಟನ್ನು ಕೀಳಬೇಕಾಯಿತು. ಈಗ ನಡುವಿನ ಎರಡೂ ಹಲ್ಲುಗಳು ಇಲ್ಲವಾದುದರಿಂದ ಒಂದು ಕೋರೆಹಲ್ಲಿನಿಂದ ಮತ್ತೊಂದು ಕೋರೆಹಲ್ಲಿನವರೆಗೆ ಆರು ಹಲ್ಲುಗಳ ಉದ್ದದ ಸೇತುವೆಯನ್ನು ಕಟ್ಟಬೇಕಾಯಿತು. ಅದಕ್ಕಾಗಿ ಯಾವ ದೋಷವೂ ಇಲ್ಲದ ಇನ್ನೂ ಮೂರು ಹಲ್ಲುಗಳನ್ನು ಅರೆಯಬೇಕಾಯಿತು. ಖರ್ಚಾದ ಹಣಕ್ಕಿಂತಲೂ ಆ ಮೂರು ಒಳ್ಳೆಯ ಹಲ್ಲುಗಳನ್ನು ಕುರಿತೇ ನನಗೆ ಇಂದಿಗೂ ಮರುಕವಿದೆ.

ಸೇತುವೆಯೆಂದರೇನು?

ಇದನ್ನು ಜನರು ಬ್ರಿಡ್ಜ್ ಎಂದೂ ಫಿಕ್ಸ್ ಹಲ್ಲು ಎಂದೂ ಕರೆಯುತ್ತಾರೆ. ರಾತ್ರಿ ತೆಗೆದು ನೀರಿನಲ್ಲಿಡುವ ಸೆಟ್ಟು ಹಲ್ಲಿಗೂ ಇದಕ್ಕೂ ವ್ಯತ್ಯಾಸವಿದೆ. ಹಳ್ಳದ ಎರಡು ದಂಡೆಗಳಲ್ಲಿ ಕಂಬ ನಿಲ್ಲಿಸಿ ಮೇಲೆ ಹಾಸುಗಲ್ಲು ಹಾಕಿದಂತೆ, ಖಾಲಿ ಜಾಗದ ಎರಡು ಬದಿಯ ಹಲ್ಲುಗಳನ್ನು ವೈದ್ಯರು ಸುತ್ತಲೂ 1ರಿಂದ 2 ಮಿಲಿಮೀಟರಿನಷ್ಟು ಅರೆದು, ಅವುಗಳಿಗೆ ಟೊಪ್ಪಿಗೆ ತೊಡಿಸಿ, ಆ ಟೊಪ್ಪಿಗೆಗಳ ನಡುವೆ ಕೃತಕ ಹಲ್ಲನ್ನು ಬೆಸೆದು, ಇಡಿಯಾಗಿ ಒಂದೇ ತುಂಡನ್ನು ಸಿಮೆಂಟಿನಿಂದ ಕೂಡಿಸುತ್ತಾರೆ. ನಡುವಿನ ಹಲ್ಲಿಗೆ ಬೇರಿಲ್ಲ. ಅದು ವಸಡಿನ ಮೇಲೆ ಸುಮ್ಮನೆ ತಾಗಿಕೊಂಡಿರುತ್ತದೆ. ಅದರ ಭಾರವನ್ನೆಲ್ಲ ಹೊರುವುದು ಆಚೀಚೆಯ ಆಧಾರದ ಹಲ್ಲುಗಳು. ಎರಡು ಹಲ್ಲುಗಳು ಮೂರರ ಕೆಲಸ ಮಾಡುತ್ತವೆ.

ಈ ಕಲ್ಪನೆ ಹೊಸದಲ್ಲ. ಇಂದಿನ ಇಟಲಿಯ ನಡುಭಾಗದಲ್ಲಿದ್ದ ಎಟ್ರುಸ್ಕನ್ ಜನರು ಕ್ರಿಸ್ತಪೂರ್ವ 7ನೆಯ ಶತಮಾನದಷ್ಟು ಹಿಂದೆಯೇ ಬಂಗಾರದ ಪಟ್ಟಿಯನ್ನು ಇರುವ ಹಲ್ಲುಗಳಿಗೆ ಸುತ್ತಿ ಇಲ್ಲದ ಹಲ್ಲಿನ ಜಾಗವನ್ನು ತುಂಬುತ್ತಿದ್ದರು. ನಮ್ಮ ಕಾಲದಲ್ಲಿ ಬರಿಯ ಲೋಹದ ಸೇತುವೆಗಳೂ, ಲೋಹದ ಮೇಲೆ ಪಿಂಗಾಣಿ ಲೇಪಿಸಿದವೂ, ಇತ್ತೀಚಿನ ಎರಡು ದಶಕಗಳಲ್ಲಿ ಜಿರ್ಕೋನಿಯಾ ಎಂಬ ಗಟ್ಟಿಯಾದ ಬಿಳಿಯ ವಸ್ತುವಿನಿಂದ ಮಾಡಿದವೂ ಬಳಕೆಗೆ ಬಂದಿವೆ. ಇವುಗಳಲ್ಲಿ ಯಾವುದಕ್ಕೂ ಹುಳುಕು ತಗಲುವುದಿಲ್ಲವೆಂಬುದು ನಿಜ.

ನನ್ನ ತರ್ಕದ ದೋಷವಿದ್ದುದು ಇಲ್ಲಿಯೇ. ಟೊಪ್ಪಿಗೆಗೆ ಹುಳುಕು ಹಿಡಿಯದಿದ್ದರೂ ಅದರೊಳಗಿರುವ ಹಲ್ಲು ನಮ್ಮದೇ ಹಲ್ಲು. ಟೊಪ್ಪಿಗೆಯ ಅಂಚು ವಸಡಿನ ಬಳಿ ಹಲ್ಲಿಗೆ ಕೂಡುವ ಕಡೆ ಒಂದು ಸಣ್ಣ ಗೆರೆಯಿರುತ್ತದೆ. ಸೇತುವೆಯ ಬಾಳಿಕೆಯು ಬಹುಮಟ್ಟಿಗೆ ಆ ಗೆರೆಯ ಶುಚಿಯನ್ನು ಅವಲಂಬಿಸಿದೆ. ಊಟದ ಅನಂತರ ಅಲ್ಲಿ ಮೆತ್ತನೆಯ ದಂತಪಾಚಿ ಕೂಡುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಬೆಲ್ಲ, ಹಿಟ್ಟಿನ ಪದಾರ್ಥಗಳನ್ನು ತಿಂದು ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲವು ಹಲ್ಲನ್ನು ಕರಗಿಸುತ್ತದೆ. ಪಾಚಿಯನ್ನು ತೆಗೆಯದಿದ್ದರೆ ಲಾಲಾರಸದಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಅದು ಬಿಡುವುದಿಲ್ಲ. ವಸಡು ಬಾತು, ರಕ್ತ ಒಸರಿ, ಒಳಗಿನ ಎಲುಬು ನಿಧಾನವಾಗಿ ಸವೆಯುತ್ತದೆ. ವಯಸ್ಸಾದವರಲ್ಲಿ ವಸಡು ಕೆಳಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದಷ್ಟೆ. ಆ ಬೇರಿಗೆ ಮೇಲಿನ ಭಾಗದ ಗಟ್ಟಿ ಕವಚವಿಲ್ಲವಾದುದರಿಂದ ಅದು ಬೇಗನೆ ಹುಳುಕಾಗುತ್ತದೆ. ಹೀಗೆ ಹಾಳಾಗುವುದು ಸೇತುವೆಯ ಕಂಬಗಳೇ ಹೊರತು ಸೇತುವೆಯಲ್ಲ. ನೋಡುವವರಿಗೆ ಮೇಲಿನ ಹಲ್ಲು ಮಾತ್ರ ಬೆಳ್ಳಗೆ ಹೊಳೆಯುತ್ತಲೇ ಇರುತ್ತದೆ.

ಎಷ್ಟು ವರ್ಷ ಬಾಳುತ್ತದೆ?

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ ಹತ್ತು ವರ್ಷ ಕಳೆದ ಮೇಲೆಯೂ ನೂರಕ್ಕೆ ಸುಮಾರು 89 ಸೇತುವೆಗಳು ಬಾಯಲ್ಲಿ ಉಳಿದಿದ್ದವು. ಆದರೆ ಯಾವ ತೊಂದರೆಯನ್ನೂ ಕೊಡದೆ ಉಳಿದವು ನೂರಕ್ಕೆ 71 ಮಾತ್ರ. ಹತ್ತರಿಂದ ಹದಿನೈದು ವರ್ಷ ಬಾಳುವುದು ಸಾಮಾನ್ಯವೆಂದು ವೈದ್ಯರು ಹೇಳುತ್ತಾರೆ. ಚೆನ್ನಾಗಿ ನೋಡಿಕೊಂಡವರಲ್ಲಿ ಅದಕ್ಕಿಂತ ಹೆಚ್ಚು ಕಾಲ ಬಾಳಿದ ನಿದರ್ಶನಗಳು ಬೇಕಾದಷ್ಟಿವೆ. ಆದುದರಿಂದ 'ಒಮ್ಮೆ ಕಟ್ಟಿಸಿದರೆ ಸಾಯುವತನಕ' ಎಂಬ ನಂಬಿಕೆಯೂ ಸಲ್ಲದು, 'ಎಷ್ಟಾದರೂ ಬೀಳುವುದೇ' ಎಂಬ ನಿರಾಶೆಯೂ ಸಲ್ಲದು.

ನಿತ್ಯದ ಶುಚಿ

ಬೆಳಗ್ಗೆ ಪೂಜೆಗೆ ಕೂಡುವ ಮುನ್ನ ದಂತಧಾವನ ಮಾಡುವ ಪದ್ಧತಿ ನಮ್ಮ ಮನೆಗಳಲ್ಲಿ ತಪ್ಪುವುದಿಲ್ಲ. ತಪ್ಪುವುದು ರಾತ್ರಿಯದು. ನಿದ್ರೆಯಲ್ಲಿ ಲಾಲಾರಸ ಕಡಿಮೆಯಾಗುವುದರಿಂದ ಹಲ್ಲಿಗೆ ಅಪಾಯ ಹೆಚ್ಚಾಗಿರುವುದು ರಾತ್ರಿಯಲ್ಲಿಯೇ. ಆದುದರಿಂದ ದಿನಕ್ಕೆ ಎರಡು ಸಲ, ಪ್ರತಿ ಸಲ ಎರಡು ನಿಮಿಷ ಹಲ್ಲುಜ್ಜಬೇಕು. ಎರಡನೆಯದು ಮಲಗುವ ಮುನ್ನ ಆಗಬೇಕು. ಅದಾದ ಮೇಲೆ ನೀರಿನ ಹೊರತು ಏನನ್ನೂ ಸೇವಿಸಬಾರದು. ಹಾಲು ಕುಡಿದು ಮಲಗುವ ಅಭ್ಯಾಸವುಳ್ಳವರು ಹಾಲು ಕುಡಿದ ಮೇಲೆ ಹಲ್ಲುಜ್ಜಬೇಕು.

ಬ್ರಷ್ಷು ಮೆತ್ತನೆಯ ಎಳೆಗಳದಾಗಿರಲಿ. ಅದನ್ನು ವಸಡಿನ ಅಂಚಿಗೆ ಓರೆಯಾಗಿ, ಅಂದರೆ ಸುಮಾರು 45 ಡಿಗ್ರಿ ಕೋನದಲ್ಲಿ ಹಿಡಿದು, ಹಗುರವಾಗಿ ಅಲ್ಲಲ್ಲಿಯೇ ಆಡಿಸಬೇಕು. ಪಾತ್ರೆ ತಿಕ್ಕಿದಂತೆ ಬಲವಾಗಿ ತಿಕ್ಕಿದರೆ ವಸಡು ಕೆಳಸರಿದು ಟೊಪ್ಪಿಗೆಯ ಅಂಚು ಬಯಲಾಗುತ್ತದೆ. ಎಳೆಗಳು ಬಾಗಿ ಹರಡಿದ ಕೂಡಲೇ, ಇಲ್ಲವಾದರೆ ಮೂರು ತಿಂಗಳಿಗೊಮ್ಮೆ ಬ್ರಷ್ಷು ಬದಲಿಸಬೇಕು. ಪೇಸ್ಟಿನಲ್ಲಿ ಫ್ಲೋರೈಡ್ ಇರಬೇಕು. ಕೊಳವೆಯ ಮೇಲೆ 1000 ಪಿಪಿಎಂ ಎಂದು ಬರೆದಿರುವುದನ್ನು ನೋಡಿ ಕೊಳ್ಳಬಹುದು. ಉಜ್ಜಿದ ಮೇಲೆ ನೊರೆಯನ್ನು ಉಗುಳಿದರೆ ಸಾಕು. ಹತ್ತಾರು ಸಲ ಬಾಯಿ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲವೂ ತೊಳೆದುಹೋಗುತ್ತದೆ.

ಬೇವಿನ ಕಡ್ಡಿಯನ್ನು ಬಿಡಬೇಕೇ ಎಂದು ಹಿರಿಯರು ಕೇಳುತ್ತಾರೆ. ನಾನೂ ಅದನ್ನೇ ಬಳಸಿ ಬೆಳೆದವನು. ಅದರ ನಾರು ಹಲ್ಲಿನ ಮುಖವನ್ನು ಶುಚಿ ಮಾಡುತ್ತದಾದರೂ ಸೇತುವೆಯ ತಳಕ್ಕೆ ಅದು ಹೋಗಲಾರದು. ಇದ್ದಿಲಪುಡಿ, ಬೂದಿ, ಹರಳುಪ್ಪುಗಳಿಂದ ತಿಕ್ಕುವುದು ಪಿಂಗಾಣಿಯ ಹೊಳಪನ್ನು ಕೆಡಿಸಿ ಬೇರಿನ ಭಾಗವನ್ನು ಸವೆಸುತ್ತದೆ. ನಮ್ಮ ಗಡಿಭಾಗದ ಕೆಲವು ಮನೆಗಳಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯು ಹುರಿದ ತಂಬಾಕಿನ ಪುಡಿಯೇ ಆಗಿರುವುದರಿಂದ ಅದನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ಸೇತುವೆಯ ತಳವನ್ನು ತೊಳೆಯುವ ಬಗೆ

ಇದುವರೆಗೆ ಹೇಳಿದ್ದು ಎಲ್ಲ ಹಲ್ಲಿಗೂ ಅನ್ವಯಿಸುತ್ತದೆ. ಸೇತುವೆಗೆ ಬೇಕಾದ ವಿಶೇಷ ಕೆಲಸವೆಂದರೆ ಅದರ ತಳದ ಶುಚಿ. ಹಲ್ಲುಗಳ ಸಂದಿಯಲ್ಲಿ ಆಡಿಸುವ ಫ್ಲಾಸ್ ಎಂಬ ದಾರವನ್ನು ಸಾಮಾನ್ಯವಾಗಿ ಮೇಲಿನಿಂದ ಇಳಿಸುತ್ತಾರೆ. ಸೇತುವೆಯ ಹಲ್ಲುಗಳು ಒಂದಕ್ಕೊಂದು ಬೆಸೆದಿರುವುದರಿಂದ ಅಲ್ಲಿ ಹಾಗೆ ಇಳಿಸಲು ಬರುವುದಿಲ್ಲ. ಪಕ್ಕದಿಂದ, ವಸಡಿನ ಬಳಿಯಿಂದ ತೂರಿಸಬೇಕು. ಇದಕ್ಕೆ ಮೂರು ಸಾಧನಗಳಿವೆ.

ಮೊದಲನೆಯದು ಸೂಪರ್‌ಫ್ಲಾಸ್ ಎಂಬ ದಾರ. ಇದರ ಒಂದು ತುದಿ ಸೂಜಿಯಂತೆ ಬಿರುಸಾಗಿಯೂ ನಡುಭಾಗ ಸ್ಪಂಜಿನಂತೆ ಉಬ್ಬಿಯೂ ಇರುತ್ತದೆ. ಬಿರುಸಾದ ತುದಿಯನ್ನು ನಡುವಿನ ಹಲ್ಲಿನ ಕೆಳಗೆ ಕೆನ್ನೆಯ ಕಡೆಯಿಂದ ತೂರಿಸಿ ನಾಲಗೆಯ ಕಡೆಯಿಂದ ಎಳೆದುಕೊಳ್ಳಬೇಕು. ಸ್ಪಂಜಿನ ಭಾಗ ತಳಕ್ಕೆ ಬಂದಾಗ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಬೇಕು. ಬಳಿಕ ಅದನ್ನು ಆಧಾರದ ಹಲ್ಲಿಗೆ ಅರ್ಧಚಂದ್ರದಂತೆ ಬಳಸಿ ಟೊಪ್ಪಿಗೆಯ ಅಂಚನ್ನು ಒರೆಸಬೇಕು. ಇನ್ನೊಂದು ಆಧಾರದ ಹಲ್ಲಿಗೂ ಹಾಗೆಯೇ ಮಾಡಿ, ದಾರವನ್ನು ಪಕ್ಕದಿಂದಲೇ ಹೊರಗೆಳೆಯಬೇಕು. ಬಲವಾಗಿ ಜಗ್ಗಬಾರದು. ಸೂಪರ್‌ಫ್ಲಾಸ್ ಸಿಗದಿದ್ದರೆ ಸಾಮಾನ್ಯ ಫ್ಲಾಸನ್ನೇ ಪೋಣಿಸಿ ತೂರಿಸುವ ಪ್ಲಾಸ್ಟಿಕ್ ಸೂಜಿಯೂ ದೊರೆಯುತ್ತದೆ.

ಎರಡನೆಯದು ಸಂದಿಯ ಬ್ರಷ್ಷು. ಇದು ಬಾಟಲಿ ತೊಳೆಯುವ ಬ್ರಷ್ಷಿನ ಪುಟ್ಟ ರೂಪದಂತಿರುತ್ತದೆ. ಸೇತುವೆಯ ಕೆಳಗೆ ತುಸು ಎಡೆಯಿದ್ದವರಿಗೆ ಇದು ದಾರಕ್ಕಿಂತಲೂ ಸುಲಭ. ಇದರಲ್ಲಿ ಹಲವು ಅಳತೆಗಳಿವೆ. ನಿಮ್ಮ ಸಂದಿಗೆ ಯಾವುದು ಹೊಂದುತ್ತದೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಒತ್ತಾಯದಿಂದ ತುರುಕಬಾರದು.

ಮೂರನೆಯದು ನೀರನ್ನು ಸಣ್ಣ ಧಾರೆಯಾಗಿ ಚಿಮ್ಮಿಸುವ ಯಂತ್ರ. ಇದಕ್ಕೆ ಬೆಲೆ ಹೆಚ್ಚು. ಕೈನಡುಕವಿರುವವರಿಗೆ, ಬೆರಳು ಸೆಟೆದವರಿಗೆ ಇದರಿಂದ ಅನುಕೂಲವುಂಟು. ಇದು ಅನ್ನದ ಅಗುಳನ್ನು ಹೊರಹಾಕುತ್ತದಾದರೂ ಅಂಟಿಕೊಂಡ ಪಾಚಿಯನ್ನು ದಾರ ಅಥವಾ ಬ್ರಷ್ಷು ಒರೆಸಿದಷ್ಟು ಒರೆಸಲಾರದೆಂದು ವೈದ್ಯರು ಹೇಳುತ್ತಾರೆ. ಬಾಯಿ ಮುಕ್ಕಳಿಸುವ ಔಷಧಗಳ ಮಾತೂ ಇಷ್ಟೇ.

ಈ ಕೆಲಸ ದಿನಕ್ಕೊಮ್ಮೆ ಸಾಕು. ರೂಢಿಯಾದ ಮೇಲೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಮೊದಲ ಕೆಲವು ದಿನ ವಸಡಿನಿಂದ ರಕ್ತ ಬಂದರೆ ಹೆದರಿ ಬಿಡಬಾರದು. ಬಾತುಕೊಂಡ ವಸಡಿನ ಲಕ್ಷಣವದು, ಶುಚಿಯಾದಂತೆ ನಿಲ್ಲುತ್ತದೆ. ಎರಡು ವಾರಗಳಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಸೀರೆಯ ಪಿನ್ನು, ಬೆಂಕಿಕಡ್ಡಿ, ಸೂಜಿಗಳಿಂದ ಸಂದಿಯನ್ನು ಕೆದಕುವ ಚಟವನ್ನು ಬಿಡಬೇಕು. ಅವು ವಸಡನ್ನು ಗಾಯಗೊಳಿಸುತ್ತವೆ.

ಊಟ ತಿಂಡಿಗಳಲ್ಲಿ ಎಚ್ಚರ

ಸೇತುವೆ ಕಟ್ಟಿಸಿಕೊಂಡವರು ಪಥ್ಯದಲ್ಲಿರಬೇಕಾಗಿಲ್ಲ. ಖಡಕ್ ರೊಟ್ಟಿ ತಿನ್ನಬಾರದೆಂದರೆ ನಮ್ಮ ಭಾಗದವರು ಊಟವನ್ನೇ ಬಿಟ್ಟಂತಾದೀತು. ಕಚ್ಚುವ ಬದಲು ಕೈಯಿಂದ ಮುರಿದು, ಪಲ್ಯದಲ್ಲಿಯೋ ಸಾರಿನಲ್ಲಿಯೋ ತುಸು ಮೆತ್ತಗಾಗಲು ಬಿಟ್ಟು, ಎರಡೂ ಬದಿಯಲ್ಲಿ ಅಗಿದು ತಿಂದರೆ ಯಾವ ತೊಂದರೆಯೂ ಇಲ್ಲ. ಆದರೆ ಕಬ್ಬನ್ನು ಹಲ್ಲಿನಿಂದ ಸೀಳುವುದು, ಇಡಿ ಅಡಿಕೆಯನ್ನು ಕಡಿಯುವುದು, ಬರ್ಫದ ತುಂಡನ್ನು ಅಗಿಯುವುದು, ಸೋಡಾ ಬಾಟಲಿಯ ಮುಚ್ಚಳ ತೆಗೆಯುವುದು, ದಾರ ಕತ್ತರಿಸುವುದು ಇವು ಸಲ್ಲವು. ಪಿಂಗಾಣಿಯ ಲೇಪ ಒಮ್ಮೆ ಸಿಡಿದರೆ ಬಾಯಲ್ಲಿಯೇ ಸರಿಪಡಿಸುವುದು ಕಷ್ಟ. ಎಷ್ಟೋ ಸಲ ಇಡಿ ಸೇತುವೆಯನ್ನೇ ತೆಗೆದು ಹೊಸದು ಮಾಡಬೇಕಾಗುತ್ತದೆ.

ಗಟ್ಟಿ ಪದಾರ್ಥಗಳಷ್ಟೇ ಅಂಟು ಪದಾರ್ಥಗಳೂ ಕೆಟ್ಟವು. ಶೇಂಗಾ ಚಿಕ್ಕಿ, ಬೆಲ್ಲದ ಪಾಕದ ಉಂಡೆ, ಚಾಕೊಲೇಟುಗಳು ಸೇತುವೆಗೆ ಅಂಟಿ ಅದನ್ನು ಎಳೆಯುತ್ತವೆ; ಅಂಚಿನಲ್ಲಿ ಉಳಿದು ಬಹಳ ಹೊತ್ತು ಆಮ್ಲವನ್ನು ಉಂಟುಮಾಡುತ್ತವೆ. ಹಬ್ಬದ ದಿನ ಸಿಹಿ ತಿನ್ನಬಾರದೆಂದು ನಾನು ಹೇಳುವುದಿಲ್ಲ. ಊಟದೊಡನೆ ತಿಂದು ಮುಗಿಸಿ ಬಾಯಿ ಮುಕ್ಕಳಿಸುವುದು ಲೇಸು. ದಿನವಿಡೀ ಆಗಾಗ ಚೂರು ಚೂರು ಬಾಯಿಗೆ ಹಾಕಿಕೊಳ್ಳುವುದು, ಸಕ್ಕರೆ ಚಹಾವನ್ನು ಗಳಿಗೆಗೊಮ್ಮೆ ಗುಟುಕರಿಸುವುದು ಹಲ್ಲಿಗೆ ಹೆಚ್ಚಿನ ಹಾನಿಯನ್ನು ಮಾಡುತ್ತದೆ.

ಊಟವಾದ ಮೇಲೆ ಎಲೆ ಅಡಿಕೆ ಕೊಡುವುದು ನಮ್ಮ ಮನೆಗಳ ಮರ್ಯಾದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದೆ. ಹಲ್ಲಿನ ಮಟ್ಟಿಗೆ ಹೇಳುವುದಾದರೆ ಅಡಿಕೆಯ ಗಟ್ಟಿತನ ಸೇತುವೆಯನ್ನು ಕೆಡಿಸುತ್ತದೆ. ತಂಬಾಕು ವಸಡಿನ ರೋಗವನ್ನು ಬೆಳೆಸುತ್ತದೆ. ತಂಬಾಕು ಸೇವಿಸುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಾಗಿರುವುದುಂಟು. ಅದರಿಂದ ರೋಗವಿದ್ದರೂ ಇಲ್ಲವೆಂಬ ಭ್ರಮೆಯಾಗುತ್ತದೆ.

ದೇಹಸ್ಥಿತಿ ಮತ್ತು ಹಲ್ಲು

ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ರೋಗ ಬೇಗ ಬರುತ್ತದೆ, ಬೇಗ ಬಲಿಯುತ್ತದೆ. ವಸಡಿನಲ್ಲಿ ಸೋಂಕಿದ್ದರೆ ರಕ್ತದ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಆದುದರಿಂದ ಸಕ್ಕರೆಯವರು ದಂತವೈದ್ಯರಿಗೆ ತಮ್ಮ ಕಾಯಿಲೆಯನ್ನು ಮೊದಲೇ ತಿಳಿಸಬೇಕು. ರಕ್ತದೊತ್ತಡ, ಅಲರ್ಜಿ, ಮಾನಸಿಕ ಖಿನ್ನತೆಗೆ ಕೊಡುವ ಕೆಲವು ಔಷಧಗಳಿಂದ ಬಾಯಿ ಒಣಗುತ್ತದೆ. ಒಣಗಿದ ಬಾಯಲ್ಲಿ ಹುಳುಕು ಬೇಗ ಹರಡುತ್ತದೆ. ಇದಕ್ಕಾಗಿ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಆಗಾಗ ನೀರು ಗುಟುಕರಿಸುತ್ತ, ವೈದ್ಯರ ಸಲಹೆ ಪಡೆಯಬೇಕು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಅದು ತಿಳಿದಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಅಂಥವರು ವೈದ್ಯರಿಂದ ರಾತ್ರಿ ಧರಿಸುವ ರಕ್ಷಾಕವಚವನ್ನು ಮಾಡಿಸಿಕೊಂಡರೆ ಸೇತುವೆಯೂ ಉಳಿಯುತ್ತದೆ, ಸ್ವಂತ ಹಲ್ಲುಗಳೂ ಉಳಿಯುತ್ತವೆ.

ನೋವಿಗಾಗಿ ಕಾಯಬಾರದು

ಎಲ್ಲಕ್ಕಿಂತ ಮುಖ್ಯವಾದ ಮಾತಿದು. ಸೇತುವೆಯ ಆಧಾರದ ಹಲ್ಲುಗಳಿಗೆ ಎಷ್ಟೋ ಸಲ ರೂಟ್ ಕೆನಾಲ್ ಆಗಿರುತ್ತದೆ. ಅಂತಹ ಹಲ್ಲು ಸಂಪೂರ್ಣ ಕರಗಿದರೂ ಹುಳುಕಿನ ನೋವು ಬರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಒಂದು ಬದಿಯ ಸಿಮೆಂಟು ಬಿಟ್ಟರೂ ಇನ್ನೊಂದು ಬದಿ ಗಟ್ಟಿಯಾಗಿರುವುದರಿಂದ ಸೇತುವೆ ಬೀಳದೆ ನಿಂತಿರುತ್ತದೆ. ಅಗಿದಾಗಲೆಲ್ಲ ಬಿಟ್ಟ ಬದಿಯೊಳಗೆ ಲಾಲಾರಸ, ಅನ್ನರಸಗಳು ಹೋಗಿ ಬಂದು ಮಾಡಿ ಒಳಗಿನ ಹಲ್ಲನ್ನು ಕೆಲವೇ ತಿಂಗಳಲ್ಲಿ ಕೆಡಿಸುತ್ತವೆ. ನನಗಾದುದು ಇದೇ.

ಆದುದರಿಂದ ಈ ಲಕ್ಷಣಗಳನ್ನು ಗಮನಿಸಬೇಕು. ಸೇತುವೆ ತುಸುವಾದರೂ ಅಲುಗುವುದು, ಅಗಿದಾಗ ಅದರ ಕೆಳಗಿನಿಂದ ನೀರು ಅಥವಾ ಗುಳ್ಳೆ ಬಂದಂತಾಗುವುದು, ಒಂದೇ ಕಡೆ ಪದೇ ಪದೇ ಅನ್ನ ಸಿಕ್ಕಿಕೊಳ್ಳುವುದು, ಆ ಭಾಗದಿಂದ ದುರ್ವಾಸನೆ ಅಥವಾ ಕೆಟ್ಟ ರುಚಿ ಬರುವುದು, ವಸಡು ಕೆಂಪಾಗಿ ರಕ್ತ ಒಸರುವುದು, ತಂಪು ಬಿಸಿ ತಾಗಿದಾಗ ಜುಮ್ಮೆನ್ನುವುದು, ಟೊಪ್ಪಿಗೆಯ ಅಂಚಿನಲ್ಲಿ ಕಪ್ಪು ಛಾಯೆ ಹೊಸದಾಗಿ ಕಾಣುವುದು. ಇವುಗಳಲ್ಲಿ ಒಂದು ಕಂಡರೂ ಅದೇ ವಾರದಲ್ಲಿ ವೈದ್ಯರ ಬಳಿಗೆ ಹೋಗಬೇಕು. ಬೇಗ ಹೋದರೆ ಅದೇ ಸೇತುವೆಯನ್ನು ಶುಚಿಗೊಳಿಸಿ ಮತ್ತೆ ಕೂಡಿಸುವ ಸಾಧ್ಯತೆಯುಂಟು. ಅಲುಗುವ ಸೇತುವೆಯನ್ನು ಹಾಗೆಯೇ ಬಿಟ್ಟುಕೊಂಡರೆ ನಿದ್ರೆಯಲ್ಲಿ ಕಳಚಿ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ.

ಕಳಚಿಯೇ ಬಿದ್ದರೆ ಅದನ್ನು ನೀರಿನಲ್ಲಿ ತೊಳೆದು ಒಂದು ಪುಟ್ಟ ಡಬ್ಬಿಯಲ್ಲಿ ಇಡಬೇಕು. ಕಾಗದದಲ್ಲಿ ಸುತ್ತಿಟ್ಟರೆ ಕಸವೆಂದು ಯಾರಾದರೂ ಎಸೆದುಬಿಡುತ್ತಾರೆ. ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್ ಮೊದಲಾದ ಅಂಟುಗಳಿಂದ ತಾವೇ ಅಂಟಿಸುವ ಸಾಹಸ ಬೇಡ. ಆ ಅಂಟು ಬಾಯಿಗೆ ಹಾನಿಕರ. ಸೇತುವೆ ಓರೆಯಾಗಿ ಕುಳಿತರೆ ಮತ್ತೆ ಉಪಯೋಗಕ್ಕೂ ಬಾರದು. ವಾರಗಟ್ಟಲೆ ತಡ ಮಾಡಿದರೆ ಹಲ್ಲುಗಳು ತುಸು ತುಸು ಸರಿದು ಹಳೆಯ ಸೇತುವೆ ಕೂಡುವುದೇ ಇಲ್ಲ.

ವೈದ್ಯರ ಭೇಟಿ

ಏನೂ ತೊಂದರೆಯಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸುವುದು ಒಳ್ಳೆಯದು. ಕಣ್ಣಿಗೆ ಕಾಣದ ಹುಳುಕನ್ನು ವೈದ್ಯರು ಅಗತ್ಯವಿದ್ದಾಗ ಎಕ್ಸ್‌ರೇ ತೆಗೆದು ಕಂಡುಹಿಡಿಯುತ್ತಾರೆ. ಗಟ್ಟಿಯಾದ ಪಾಚಿಯನ್ನು ತೆಗೆಸಿದರೆ ಹಲ್ಲು ಸಡಿಲಾಗುತ್ತದೆಂಬ ತಪ್ಪು ಕಲ್ಪನೆ ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿದೆ. ಪಾಚಿಯೇ ಎಲುಬನ್ನು ಸವೆಸಿ ಹಲ್ಲನ್ನು ಸಡಿಲಗೊಳಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಾಗುತ್ತದೆ, ಅಷ್ಟೇ. ಖಾಸಗಿ ಚಿಕಿತ್ಸಾಲಯದ ವೆಚ್ಚ ಭಾರವೆನಿಸುವ ಕುಟುಂಬಗಳು ದಂತ ವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪನೆಯಾದ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ದಾವಣಗೆರೆಯಲ್ಲಿ ಬಾಪೂಜಿ, ಬೆಳಗಾವಿಯಲ್ಲಿ ಕೆ.ಎಲ್.ಇ., ಧಾರವಾಡದಲ್ಲಿ ಎಸ್.ಡಿ.ಎಂ., ಮೈಸೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಗಳ ದಂತ ಮಹಾವಿದ್ಯಾಲಯಗಳಿವೆ. ಅಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಸಮಯ ತುಸು ಹೆಚ್ಚು ಹಿಡಿಯಬಹುದು.

ಮನೆಯವರ ಹೊಣೆ

ಕೊನೆಯದಾಗಿ ಮನೆಯ ಕಿರಿಯರಿಗೆ ಒಂದು ಮಾತು. ನನ್ನ ಅಕ್ಕನಿಗೆ ಈಗ 74 ವರ್ಷ. ಸಕ್ಕರೆ ಕಾಯಿಲೆಯಿದೆ, ಬಲಗೈ ನಡುಗುತ್ತದೆ. ಕೆಳದವಡೆಯಲ್ಲಿ ಅವಳಿಗೂ ಸೇತುವೆಯಿದೆ. ನನ್ನದು ಬಿದ್ದ ವರ್ಷ ಊರಿಗೆ ಹೋಗಿ ನನ್ನ ಅವಸ್ಥೆಯನ್ನು ವಿವರಿಸಿದೆನು. "ತಮ್ಮಾ, ನನಗ ಸೂಜಿಗೆ ದಾರ ಪೋಣಿಸಾಕ ಆಗೂದಿಲ್ಲ, ಇನ್ನು ಹಲ್ಲಿಗೆ ಹೆಂಗ ಪೋಣಿಸಲಿ?" ಎಂದಳು. ಅಲ್ಲಿಯೇ ಕುಳಿತಿದ್ದ ಅವಳ ಮೊಮ್ಮಗಳು, ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ, "ನಾ ಪೋಣಿಸ್ತೀನಿ, ತಗೋ ಅಜ್ಜಿ" ಎಂದಳು. ಅಂದಿನಿಂದ ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಅಜ್ಜಿಯನ್ನು ಕೂಡಿಸಿಕೊಂಡು ಆ ಕೆಲಸ ಮಾಡುತ್ತಾಳೆ. ಅವಳು ಕಾಲೇಜಿಗೆಂದು ಹಾಸ್ಟೆಲಿಗೆ ಹೋದಾಗ ಸೊಸೆ ವಹಿಸಿಕೊಂಡಳು. ಅಕ್ಕನ ಸೇತುವೆಗೆ ಈಗ ಹದಿನಾರು ವರ್ಷ ತುಂಬಿದೆ. ನನ್ನ ಮೊದಲನೆಯದು ಹನ್ನೊಂದಕ್ಕೇ ಮುಗಿದಿತ್ತು.

ಹಿರಿಯರಿಗೆ ಹಲ್ಲು ಕಟ್ಟಿಸಿಕೊಡುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಅದಕ್ಕಾಗಿ ಸಾಲ ಮಾಡಿದವರನ್ನೂ ನಾನು ಬಲ್ಲೆ. ಹಣ ಕೊಟ್ಟಲ್ಲಿಗೆ ಕರ್ತವ್ಯ ಮುಗಿಯದು. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ದಿನಕ್ಕೆ ಮೂರು ನಿಮಿಷ ಕೊಡುವ ಒಬ್ಬರು ಮನೆಯಲ್ಲಿ ಬೇಕು. ನಿಮ್ಮ ಮನೆಯಲ್ಲಿ ಹಲ್ಲು ಕಟ್ಟಿಸಿಕೊಂಡವರಿದ್ದರೆ ಇಂದು ರಾತ್ರಿಯೇ ಅವರನ್ನು ಬೆಳಕಿನಲ್ಲಿ ಕೂಡಿಸಿ, ಸೇತುವೆಯ ಅಂಚನ್ನೂ ವಸಡಿನ ಬಣ್ಣವನ್ನೂ ನೋಡಿರಿ. ತಳವನ್ನು ಕೊನೆಯ ಸಲ ಯಾವಾಗ ಶುಚಿ ಮಾಡಿದ್ದೆಂದು ಕೇಳಿರಿ. ನನ್ನ ಎರಡನೆಯ ಸೇತುವೆಗೆ ಈಗ ಒಂಬತ್ತು ವರ್ಷ. ಪಾಠ ಹೇಳುವುದೂ ಪ್ರವಚನ ಮಾಡುವುದೂ ಅದರ ಬಲದಿಂದಲೇ ನಡೆದಿದೆ. ರಾತ್ರಿ ಎಷ್ಟೇ ತಡವಾಗಿ ಮನೆಗೆ ಬಂದರೂ ಆ ದಾರವನ್ನು ತೂರಿಸದೆ ನಾನು ಮಲಗುವುದಿಲ್ಲ.